ಅಪ್ರದಕ್ಷಿಣದ ಹೊಲಿಗೆ

ಏಳನೆಯ ಕಂತು

“ಇದನ್ನ ಯಾರು ಬಿಚ್ಚಿದ್ರು?”

ಮಾನಮ್ಮ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಹೋಟೆಲಿನ ಹಿತ್ತಿಲಲ್ಲಿ ಅವಳನ್ನು ಬಿಟ್ಟರೆ ಇನ್ನೊಂದು ಜೀವ ಇರಲಿಲ್ಲ. ದಿನಾ ಸಂಜೆ ಅವಳ ಗಂಡ ಲಾಲಪ್ಪ ಮಟಾಡೋರ್ ವ್ಯಾನು ತಂದು ನಿಲ್ಲಿಸುವ ಜಾಗ ಈಗ ಬರಿದಾಗಿತ್ತು. ನೆಲದ ಮೇಲೆ ಎಂಜಿನ್ ಎಣ್ಣೆಯ ಕಲೆ, ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಅವಳು, ಅವಳ ಅಂಗೈಯಲ್ಲಿ ಗೇಣುದ್ದದ ಒಂದು ಕಪ್ಪು ತೊಗಲಿನ ದಾರ.

ದಾರದ ಒಂದು ತುದಿ ಹಳದಿಯಾಗಿತ್ತು.

ಹಿತ್ತಿಲ ಗೇಟು ಕಿರ್ರೆಂದಿತು. ಮಾನಮ್ಮ ಬೆಚ್ಚಿ ಎದ್ದಳು.

ಬಂದವರು ಶಿವಪುತ್ರಪ್ಪ. ಪೊಲೀಸ್ ಫೌಜದಾರಿಕೆ ಬಿಟ್ಟು ವರ್ಷಗಳಾಗಿದ್ದರೂ ಮರಾಠಿ ಊರಾದ ಪಿಂಪ್ರಿಯ ಕನ್ನಡದ ಮಂದಿಗೆ ಅವರಿನ್ನೂ ಫೌಜದಾರರೇ. ಕಳವಾದರೆ, ಯಾರಾದರೂ ಕಾಣೆಯಾದರೆ, ಠಾಣೆಗೆ ಹೋಗುವ ಮೊದಲು ಜನ ಅವರ ಬಾಗಿಲು ಬಡಿಯುತ್ತಿದ್ದರು.

“ಯಾಕವ್ವ, ದೆವ್ವ ಕಂಡಂಗ ನಿಂತಿ?”

“ಕಂಡಂಗೇ ಆಗ್ಯಾದ್ರಿ ಫೌಜದಾರ್ರ. ಇದು ನನ್ನ ದಾರ. ನಮ್ಮ ವ್ಯಾನಿನ ಸ್ಟೇರಿಂಗಿಂದು. ಮೊನ್ನಿ ಅಮಾಸಿ ದಿನ ಹೊಸಾ ಕವರ್ ಹಾಕಿ ನಾನೇ ಹೊಲದೀನಿ.”

“ನಿಂದೇ ಅಂತ ಹ್ಯಾಂಗ ಹೇಳ್ತಿ? ಕರೀ ದಾರ ಬಜಾರದ ತುಂಬ ಅದ.”

“ತುದಿ ನೋಡ್ರಲ್ಲ. ಅರಿಷಿಣ.”

ಲಾಲಪ್ಪನದು ಗಾಡಿಗಳಿಗೆ ಸಿಂಗಾರದ ಸಾಮಾನು ಹಾಕುವ ಅಂಗಡಿ. ಕನ್ನಡಿ, ಗೇರಿನ ಹಿಡಿಕೆಯ ಗುಬ್ಬಿ, ಹಾರ್ನಿನ ಬಿಲ್ಲೆ, ಡ್ಯಾಶಿನ ಮೇಲಿನ ದೇವರು ಎಲ್ಲವನ್ನೂ ಅವನು ಕೂರಿಸುತ್ತಿದ್ದ. ಸ್ಟಿಯರಿಂಗ್ ಚಕ್ರಕ್ಕೆ ತೊಗಲಿನ ಕವರ್ ಹೊಲಿಯುವ ಕೆಲಸ ಮಾತ್ರ ಮಾನಮ್ಮನದು. ದಾರದ ತುದಿಯನ್ನು ಅರಿಷಿಣದಲ್ಲಿ ಅದ್ದುವುದು, ಚಕ್ರದ ಕೆಳಗಿನಿಂದ ಶುರು ಮಾಡುವುದು, ಗುಡಿ ಸುತ್ತಿದ ಹಾಗೆ ಪ್ರದಕ್ಷಿಣವಾಗಿ ಹೊಲಿಯುತ್ತ ಬಂದು ಅದೇ ಜಾಗದಲ್ಲಿ ಗಂಟು ಹಾಕುವುದು. ಸುರಪುರದ ಕಡೆ ಅವಳ ಅತ್ತೆ ಹುಲಿಗೆವ್ವ ಎತ್ತಿನ ಕೊರಳಪಟ್ಟಿ ಹೊಲಿಯುತ್ತಿದ್ದುದೂ ಹೀಗೆಯೇ.

ಶಿವಪುತ್ರಪ್ಪ ದಾರ ತೆಗೆದುಕೊಂಡರು. ಒಂದು ಕೊನೆ ಬ್ಲೇಡಿನಿಂದ ಕೊಯ್ದಂತೆ ನುಣುಪಾಗಿತ್ತು.

“ಮುಂಜಾನಿ ವ್ಯಾನ್ ತೆಗೀವಾಗ ಲಾಲಪ್ಪ ಏನರ ಅಂದನೇನು?”

ಮಾನಮ್ಮ ವ್ಯಾನು ನಿಲ್ಲುವ ಖಾಲಿ ಜಾಗದ ಕಡೆ ತಿರುಗಿದಳು.

“ನಕ್ಕರ್ರಿ. ‘ಏ, ನಿನ್ನ ಕವರ್ ಚೀಂವ್ ಚೀಂವ್ ಅಂತದ. ಒಳಗ ಇಲಿಮರಿ ಇಟ್ಟು ಹೊಲದಿಯೇನ?’ ಅಂದ್ರು. ನಾನೂ, ‘ನಿಮ್ಮ ಕೈಯಾಗ ಬೆವರು ಭಾಳ, ಸಂತಿಯಿಂದ ಬಂದ ಮ್ಯಾಲ ಬಿಗಿ ಮಾಡ್ತೀನಿ, ಹೋಗ್ರಿ’ ಅಂದೆ. ನಾನೇ ಹೋಗ್ರಿ ಅಂದೆ.”

ಮೂರು ವಾರದ ಹಿಂದೆ ಈ ಹೋಟೆಲಿನ ಮಾಲೀಕ ಹರಿಶ್ಚಂದ್ರ ಸಾಸವಡದಿಂದ ಮರಳುವಾಗ ದಿವೆ ಘಾಟಿನ ತಿರುವಿನಲ್ಲಿ ತನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಸಮೇತ ಕಂದಕಕ್ಕೆ ಬಿದ್ದು ಸತ್ತಿದ್ದ. ಕಾರಿಗೆ ಸಾಮಾನು ಹಾಕಿದ ಲಾಲಪ್ಪನ ಸಡಿಲ ಕೈಯೇ ಅದಕ್ಕೆ ಕಾರಣ ಎಂದು ಪೊಲೀಸರು ಬರೆದುಕೊಂಡಿದ್ದರು.

ಆ ಬೆಳಿಗ್ಗೆ ಹರಿಶ್ಚಂದ್ರನ ಕಾರು ಹೊರಟಾಗಲೂ ಚೀಂವ್ ಎಂಬ ಸಪ್ಪಳ ಕೇಳಿಸಿತ್ತು ಎಂದು ಹೋಟೆಲಿನ ಮಾಣಿ ಹೇಳಿದ್ದ. ಹಕ್ಕಿ ಇರಬೇಕು ಅಂದುಕೊಂಡಿದ್ದನಂತೆ.

ಶಿವಪುತ್ರಪ್ಪ ದಾರವನ್ನು ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು.

“ಮನ್ಯಾಗ ಯಾವ ಎಣ್ಣಿ ವಾಪರಸ್ತಿ, ಮಾನಮ್ಮ?”

“ಕುಸುಬಿ ಎಣ್ಣಿ. ತಲಿಗಿ ಔಡಲ ಎಣ್ಣಿ. ಯಾಕ್ರಿ?”

“ಇದರಾಗ ಕೊಬ್ರಿ ಎಣ್ಣಿ ವಾಸ್ನಿ ಅದ. ಹಸೀದು.”

ಇಬ್ಬರ ಕಣ್ಣೂ ಒಟ್ಟಿಗೆ ಒಂದೇ ಕಡೆ ಹೊರಳಿದವು. ಹೋಟೆಲಿನ ಅಡಿಗೆಮನೆಯ ಹಿಂಬಾಗಿಲು ತೆರೆದಿತ್ತು. ಒಗ್ಗರಣೆಯ ಚುರ್ರೆಂಬ ಸದ್ದು, ತೆಂಗಿನೆಣ್ಣೆಯ ಘಮ. ಕರಾವಳಿಯ ಅಡಿಗೆ.

“ಚಕ್ರಕ್ಕ ಎಣ್ಣಿ ಸವರಿ, ಮ್ಯಾಲ ಕವರ್ ಸಡಲ ಹೊಲದ್ರ ಬಯಲದಾಗ ಏನೂ ಆಗಂಗಿಲ್ಲ,” ಎಂದರು ಶಿವಪುತ್ರಪ್ಪ, ತಮಗೆ ತಾವೇ ಎಂಬಂತೆ. “ಘಾಟ ಏರುವಾಗ ಗಾಡಿ ನಿಧಾನ. ಆಗೂ ಏನಿಲ್ಲ. ಇಳಿಯುವಾಗ ವೇಗದಾಗ ಚಕ್ರ ಪೂರಾ ತಿರುವಬೇಕಾದ್ರ...”

“ಕವರ್ ತಿರಗತದ,” ಮಾನಮ್ಮ ಪಿಸುಗುಟ್ಟಿದಳು. “ಚಕ್ರ ತಿರಗಂಗಿಲ್ಲ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಲಾಲಪ್ಪ ಸೋಮವಾರದ ಸಂತೆಗೆಂದು ಸಾಸವಡಕ್ಕೆ ಹೋಗಿದ್ದ. ಜೀಪುಗಳಿಗೆ, ಟ್ರಕ್ಕುಗಳಿಗೆ ಕನ್ನಡಿ ಗೊಂಡೆ ಹಾಕಿ, ಮಧ್ಯಾಹ್ನ ಊಟ ಮಾಡಿ ಅದೇ ಘಾಟು ಇಳಿದು ಬರುವವನು.

“ನಮ್ಮವರ ಮ್ಯಾಲ ಯಾರಿಗರ ಏನ್ ಸಿಟ್ಟರಿ?”

“ಸಿಟ್ಟಲ್ಲ, ಭಯ. ನಿನ್ನಿ ಸಂಜೀಕ ನಾನು ಹೋಟೆಲಿನ್ಯಾಗ ಚಹಾ ಕುಡಕೋತ ಏನಂದೆ? ‘ಹರಿಶ್ಚಂದ್ರನ ಕಾರಿನ ಹೊಲಿಗಿ ಲಾಲಪ್ಪನ ಮನಿದಲ್ಲ, ಬ್ಯಾರೆ ಯಾರೋ ಬಿಚ್ಚಿ ಹೊಲದಾರ, ನಾಳಿ ಸಂಜೀಕ ಅವ ಠಾಣೆದಾಗ ಹಂಗಂತ ಬರಸ್ತಾನ’ ಅಂದೆ. ಗಲ್ಲಾದ ಮುಂದ ನಿಂತು ಅಂದೆ. ಕೇಳಬೇಕಾದವರು ಕೇಳ್ಯಾರ. ಇವತ್ತ ಲಾಲಪ್ಪ ಅದೇ ಘಾಟಿನ್ಯಾಗ, ಅದೇ ರೀತಿ ಬಿದ್ರ ಮಂದಿ ಏನಂತಾರ ಹೇಳು?”

ಮಾನಮ್ಮನಿಗೆ ಅದು ಗೊತ್ತಿತ್ತು. ಹೆಂಡತಿಯ ಸಡಿಲ ಹೊಲಿಗೆ, ಗಂಡನ ಸಡಿಲ ಕೆಲಸ, ತಮ್ಮ ಕೈಯಾರೆ ತಾವೇ ಹಾಳಾದರು ಎನ್ನುತ್ತಾರೆ. ಎರಡು ಸಾವು, ಒಂದೇ ಕಾರಣ. ಎರಡೂ ಕಡತ ಒಮ್ಮೆಲೇ ಮುಚ್ಚುತ್ತವೆ.

“ಫೋನ್ ಮಾಡ್ರಿ! ಯಾರಿಗರ ಫೋನ್ ಮಾಡ್ರಿ!”

“ಔಷಧ ಅಂಗಡಿ ಫೋನ್ ಮಳಿ ಬಂದಾಗಿಂದ ಸತ್ತದ. ಪೋಸ್ಟಿನ್ಯಾಗ ಇಲ್ಲಾ ಹೋಟೆಲಿನ್ಯಾಗ ನಾವು ಟ್ರಂಕ್ ಕಾಲ್ ಬುಕ್ ಮಾಡಿದ್ರೂ ಸಂಜಿ ಆಗ್ತದ. ಲಾಲಪ್ಪ ಊಟ ಎಲ್ಲಿ ಮಾಡ್ತಾನ?”

“ಇವರದೇ ಹೋಟೆಲಿನ್ಯಾಗ್ರಿ. ಸಾಸವಡ ಸ್ಟ್ಯಾಂಡಿನ ಮುಂದಿಂದು. ಮಾಲಕರ ತಮ್ಮ ಸುಬ್ಬಯ್ಯನವರು ನಡಸ್ತಾರಲ್ರಿ, ಅಲ್ಲಿ.”

“ಹೌದು. ಅಲ್ಲಿಂದ ದಿನಾ ಊಟದ ಹೊತ್ತಿಗೆ ಇಲ್ಲಿಗಿ ಫೋನ್ ಬರ್ತದ. ಅದೊಂದೇ ದಾರಿ.” ಶಿವಪುತ್ರಪ್ಪ ಬಿಸಿಲು ನೋಡಿದರು. “ಇನ್ನ ತುಸು ಹೊತ್ತದ. ಅಷ್ಟರಾಗ ಕಾರಿನ ಕವರ್ ಇನ್ನೊಮ್ಮೆ ನೋಡಬೇಕು. ಎರಡೂ ಕಡಿ ಒಂದೇ ಕೈಯೋ ಅಲ್ಲೋ, ತಿಳೀದ ಯಾರ ಮುಂದೂ ಬಾಯಿ ಬಿಡಂಗಿಲ್ಲ. ನಿನ್ನಿ ಬಿಟ್ಟದ್ದು ಸಾಕು.”

ಹಿತ್ತಿಲಿಗೆ ಹೊಂದಿಕೊಂಡೇ ಲಾಲಪ್ಪನ ತಗಡಿನ ಶೆಡ್ಡು. ಪೊಲೀಸರು ಬಿಟ್ಟುಕೊಟ್ಟ ಕಾರನ್ನು ನಿನ್ನೆ ತಂದು ಅದರೊಳಗೆ ನಿಲ್ಲಿಸಿದ್ದರು. ಶಿವಪುತ್ರಪ್ಪ ತಾಡಪಾಲು ಸರಿಸಿದರು.

ಐವತ್ತೆಂಟನೆಯ ಇಸವಿಯ ಎಂ.ಜಿ. ಕಾರು. ದಂಡಿನ ಪ್ರದೇಶವಾದ ಕ್ಯಾಂಪಿನ ಪಾರಸಿ ಮುದುಕನೊಬ್ಬ ಊರು ಬಿಡುವಾಗ ಹರಿಶ್ಚಂದ್ರ ಆಸೆಪಟ್ಟು ಕೊಂಡದ್ದು. ತಗ್ಗಾದ ಮೈ, ಎರಡೇ ಸೀಟು, ತೆರೆದ ತಲೆ. ಬಾಗಿಲಿಗೆ ಹೊರಗಡೆ ಹಿಡಿಕೆಯೇ ಇಲ್ಲ. ಒಳಗೆ ಕೈ ಇಳಿಬಿಟ್ಟು ಹುರಿ ಎಳೆಯಬೇಕು. ಆ ಹುರಿಗೆ ಲಾಲಪ್ಪ ಕೆಂಪು ರೇಷ್ಮೆಯ ಗೊಂಡೆ ಕಟ್ಟಿದ್ದ. ಗೊಂಡೆ ಈಗ ಕೆಸರು ಮೆತ್ತಿ ಕಪ್ಪಾಗಿತ್ತು.

ಹುರಿ ಎಳೆದಾಗ ಬಾಗಿಲು ನರಳಿ ತೆರೆಯಿತು.

ಮುಂಭಾಗ ನುಜ್ಜುಗುಜ್ಜಾಗಿದ್ದರೂ ಒಳಗಿನ ಸಿಂಗಾರ ಅರ್ಧಕ್ಕರ್ಧ ಉಳಿದಿತ್ತು. ಶೀಶಂ ಮರದ ಗೇರ್ ಗುಬ್ಬಿ. ಹೂವಿಡಲು ಗಾಜಿನ ಪುಟ್ಟ ಕೊಳವೆ, ತುಟಿ ಒಡೆದದ್ದು. ಡ್ಯಾಶಿನ ಮೇಲೆ ಹಿತ್ತಾಳೆಯ ಕೃಷ್ಣ. ಕೊಳಲು ಮುರಿದು ಬೆರಳಷ್ಟೇ ಬಾಯಿಯ ಹತ್ತಿರ ಉಳಿದಿತ್ತು. ಪಕ್ಕದ ಸೀಟಿನ ಎದುರಿಗೆ ಅಂಗೈಯಗಲದ ದುಂಡು ಕನ್ನಡಿ. ಪಕ್ಕದಲ್ಲಿ ಕೂತ ಹೆಂಗಸು ಗಾಳಿಗೆ ಕೆದರಿದ ಕೂದಲು ಸರಿಮಾಡಿಕೊಳ್ಳಲೆಂದು ಹರಿಶ್ಚಂದ್ರ ಹೇಳಿ ಹಾಕಿಸಿದ್ದು. ಕನ್ನಡಿಯ ಅಂಚಿಗೆ ಹಣೆಗೆ ಹಚ್ಚುವ ಒಂದು ಟಿಕಳಿ ಅಂಟಿತ್ತು. ಕಡುಗೆಂಪು ಬಣ್ಣದ್ದು.

ಮಾನಮ್ಮ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತಳು.

“ನಾ ಅದನ್ನ ಮುಟ್ಟಂಗಿಲ್ರಿ. ನಿನ್ನಿ ನೋಡಿದ್ದೇ ಸಾಕು. ಅದು ಮಾಟ.”

ನಿನ್ನೆ ಅವಳ ಬಾಯಿಂದ ಆ ಮಾತು ಬಂದಾಗ ಶಿವಪುತ್ರಪ್ಪನವರಿಗೂ ಮೈ ಜುಮ್ಮೆಂದಿತ್ತು. ಕೆಂಪು ತೊಗಲಿನ ಕವರಿನ ಮೇಲೆ ಹೊಲಿಗೆಗಳೆಲ್ಲ ಎಡಕ್ಕೆ ಮಾಲಿದ್ದವು. ಚಕ್ರದ ಸುತ್ತ ಅಪ್ರದಕ್ಷಿಣವಾಗಿ ಹೋಗಿದ್ದವು. ಹೆಣದ ಮುಂದೆ ಸುತ್ತುವ ಸುತ್ತು ಅದು. ಬದುಕಿದವನ ಕೈಗೆ ಕೊಡುವ ವಸ್ತುವಿಗೆ ಮಾನಮ್ಮನ ಮಂದಿ ಯಾರೂ ಹಾಗೆ ಹೊಲಿಯುವುದಿಲ್ಲ. ಚಿಕ್ಕಂದಿನಿಂದ ಪುರಾಣ ಕೇಳಿ ಬೆಳೆದ ಶಿವಪುತ್ರಪ್ಪನವರಿಗೆ ಆ ಹೊಲಿಗೆಯ ಸಾಲು ತಿರುಗಾಮುರುಗಾ ಓದಿದ ಪದ್ಯದ ಹಾಗೆ ಅಪಶಕುನವಾಗಿ ಕಂಡಿತ್ತು. ಮಾಟಗಾರನನ್ನೇ ಹುಡುಕಬೇಕು ಎಂದುಕೊಂಡು ರಾತ್ರಿ ಮಲಗಿದ್ದರು.

ಈಗ ಹಗಲು. ಅವರು ಪಕ್ಕದ ಸೀಟಿಗೆ ಬಾಗಿ, ಚಕ್ರದ ಅಡಿಗೆ ಬೆರಳು ತೂರಿಸಿದರು. ಬೆರಳಿಗೆ ಜಿಡ್ಡು. ನಿನ್ನೆ ಎಂಜಿನ್ನಿನದೆಂದು ತಿಳಿದು ಬಿಟ್ಟಿದ್ದರು. ಮೂಸಿದರು. ಮುಗ್ಗಲು ವಾಸನೆ, ಆದರೆ ತೆಂಗಿನದೇ.

ತಲೆ ಎತ್ತಿದಾಗ ಎದುರಿಗೆ ಆ ದುಂಡು ಕನ್ನಡಿ.

ಕನ್ನಡಿಯೊಳಗೆ ಸ್ಟಿಯರಿಂಗ್ ಚಕ್ರ ಕಾಣುತ್ತಿತ್ತು. ಅದರ ಮೇಲೆ ಮಾನಮ್ಮನ ಹೊಲಿಗೆ.

ಚಕ್ರವನ್ನು ನೋಡಿದರು: ಹೊಲಿಗೆ ಎಡಕ್ಕೆ ಮಾಲಿದೆ. ಕನ್ನಡಿಯನ್ನು ನೋಡಿದರು: ಬಲಕ್ಕೆ ಮಾಲಿದೆ, ಪ್ರದಕ್ಷಿಣವಾಗಿ ಸುತ್ತಿದೆ, ಕೆಳಗಿನಿಂದ ಶುರುವಾಗಿ ಕೆಳಗೇ ಮುಗಿದಿದೆ. ಅಂತರವೂ ಅದೇ, ಗಂಟಿನ ಜಾಗವೂ ಅದೇ.

“ಮಾನಮ್ಮ, ಇಲ್ಲಿ ಬಾ.”

“ಒಲ್ಲೆನ್ರಿ.”

“ಬಾ ಅಂದೆ. ಮಾಟ ಅಲ್ಲ ಇದು. ಈ ಕನ್ನಡ್ಯಾಗ ನೋಡು.”

ಅವಳು ಅಂಜುತ್ತ ಬಂದು ಬಗ್ಗಿದಳು. ಕನ್ನಡಿಯಲ್ಲಿ ತನ್ನದೇ ಹೊಲಿಗೆ ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ನನ್ನಂಗೇ ಹೊಲದಾರಲ್ರಿ!”

“ನಿನ್ನ ನೋಡಿ ಕಲ್ತಾರ. ನೀ ಹೊಲಿಯುವಾಗ ಹತ್ರ ಕೂತು ಪೂರಾ ನೋಡ್ಯಾರ. ಆಮ್ಯಾಲ ತಮ್ಮ ಕೈಗೆ ಬಂದಂಗ ಹೊಲದಾರ. ನೀ ಸೂಜಿ ಯಾವ ಕೈಯಾಗ ಹಿಡೀತಿ?”

“ಬಲಗೈಯಾಗ...” ಅವಳ ಮಾತು ಅಲ್ಲೇ ನಿಂತಿತು.

“ಇವರು ಎಡಗೈಯಾಗ ಹಿಡದಾರ. ಅಷ್ಟ.”

ಮಾಟವಲ್ಲ ಎಂದು ತಿಳಿದರೆ ಭಯ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮಾಟಗಾರ ಎಂದರೆ ಎಲ್ಲೋ ದೂರದ ಸ್ಮಶಾನದವನು. ಎಡಗೈಯವರು ಯಾರೇ ಇರಲಿ, ಇದೇ ಹಿತ್ತಿಲಲ್ಲಿ ದಿನಾ ಓಡಾಡುವವರು.

“ಸುಬ್ಬಯ್ಯನೂ ಇಲ್ಲಿಗಿ ಬಂದು ಹೋಗ್ತಾನಲ್ಲ, ಅವ ಯಾವ ಕೈ?”

“ಬಲಗೈರಿ. ಈ ಹೋಟೆಲಿನ್ಯಾಗ ಎಡಗೈಯವರು ಒಬ್ರೂ ಇಲ್ರಿ. ಎಡಗೈಲೆ ನೀರಿಟ್ರೂ ಗಿರಾಕಿ ಎದ್ದು ಹೋಗ್ತಾರ. ಅವರು ಭಾಳ ಮಡಿ ಮಂದಿ.”

ಶಿವಪುತ್ರಪ್ಪ ತಾಡಪಾಲು ಎಳೆಯುವುದನ್ನೂ ಮರೆತು ಹೊರಬಿದ್ದರು.

ಹೋಟೆಲಿನಲ್ಲಿ ಮೊದಲ ಪಾಳಿ ಬಿಟ್ಟ ಕಾರ್ಖಾನೆಯ ಜನ ಕಿಕ್ಕಿರಿದಿದ್ದರು. “ದೋನ ರೈಸ್‌ಪ್ಲೇಟ್!” “ಅರೇ, ಸಾಂಬಾರ ಆಣ ರೇ!” ತಟ್ಟೆಗಳ ಸದ್ದು, ಬೆವರು, ಬೀಡಿ, ಫ್ಯಾನಿನ ಕಟಕಟ.

ಗಲ್ಲಾದ ಹಿಂದೆ ಪಂಕಜಾಕ್ಷಿ ಕೂತಿದ್ದರು. ಹರಿಶ್ಚಂದ್ರನ ಹೆಂಡತಿ. ಬಿಳಿಯಲ್ಲದ, ಆದರೆ ಬಣ್ಣವೂ ಇಲ್ಲದ ಬೂದಿ ಸೀರೆ. ತಲೆಯ ಮೇಲೆ ಗೋಡೆಯಲ್ಲಿ ಗಂಡನ ಫೋಟೊ. ಮಡಿಲಲ್ಲಿ ಬಾಳೆಯ ನಾರು, ತಟ್ಟೆಯ ತುಂಬ ಅಬ್ಬಲಿಗೆ ಹೂ. ದಿನಾ ಆ ಫೋಟೊಗೆ ಅವರೇ ಹೂ ಕಟ್ಟಿ ಹಾಕುತ್ತಿದ್ದರು. ಪಕ್ಕದಲ್ಲಿ ಕಪ್ಪು ಫೋನು.

“ಬನ್ನಿ ಫೌಜದಾರ್ರೆ. ಕಾಫಿ ತರಿಸ್ಲಾ?”

“ಬ್ಯಾಡ್ರಿ ಬಾಯಾರ. ಸಾಸವಡದ ಫೋನ್ ಬಂತೇನ್ರಿ?”

“ಇನ್ನೂ ಇಲ್ಲ. ಈಗ ಬರ್ತದೆ. ಎಂತ ಅರ್ಜೆಂಟು?”

ಶಿವಪುತ್ರಪ್ಪ ಮೇಜಿನ ಮೇಲೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದರು. ವ್ಯಾನಿನ ಕವರ್ ಸಡಿಲಾಗಿದೆ, ಲಾಲಪ್ಪ ಘಾಟು ಇಳಿಯಬಾರದು. ಎಡಗೈಯ ವಿಷಯ ಹೇಳಲಿಲ್ಲ. “ಫೋನ್ ಬಂದ ಕೂಡ್ಲೆ ನನ್ನ ಕೈಗೆ ಕೊಡ್ರಿ. ಸುಬ್ಬಯ್ಯಗ ಹೇಳೂದು ಬ್ಯಾಡ. ಲಾಲಪ್ಪನ್ನ ಕರಸಿ ಅವನ ಕಿವ್ಯಾಗ ನಾನೇ ಹೇಳ್ತೀನಿ.”

ಪಂಕಜಾಕ್ಷಿಯ ಮುಖ ಬಿಳುಚಿತು.

“ಅಯ್ಯೋ ದೇವರೇ. ಇನ್ನೊಂದಾ?” ಎಂದರು. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, “ಸುಬ್ಬಯ್ಯನ ಮೇಲೆ ನಿಮಗೆ ಸಂಶಯ ಉಂಟಲ್ಲ? ನನಗೂ ಒಳಗೊಳಗೇ ಹೆದರಿಕೆ. ಮೈದುನ. ಬಾಯಿಬಿಟ್ಟು ಹೇಳುವ ಹಾಗಿಲ್ಲ.”

ಫೋನು ರಿಂಗಾಯಿತು.

ಮಾನಮ್ಮ ಚೀರಿದಳು. ಪಂಕಜಾಕ್ಷಿ ಬಲಗೈಯಿಂದ ರಿಸೀವರ್ ಎತ್ತಿದರು. “ಹಾಂ. ಹೋ. ಇಡ್ಲಿ ಉದ್ಯಾ ಮಿಳೇಲ,” ಎಂದು ಇಟ್ಟರು. “ಕ್ಯಾಂಟೀನಿನವರು, ಇಡ್ಲಿ ನಾಳೆಗೆ ಅಂದೆ. ಟ್ರಂಕ್ ಕಾಲಿಗೆ ಉದ್ದ ರಿಂಗು ಬರ್ತದೆ. ಕೂತ್ಕೋ ಮಾನಮ್ಮ. ಹೆದರಬೇಡ.”

ಮಾನಮ್ಮ ಕೂರಲಿಲ್ಲ. ಫೋನಿನ ಮೇಲೆ ಕಣ್ಣಿಟ್ಟು ನಿಂತಳು. ಪಂಕಜಾಕ್ಷಿ ಹೂವಿನ ತಟ್ಟೆಗೆ ಕೈ ಹಾಕಿ, ಸುಮ್ಮನೆ ಹೂಗಳನ್ನು ಜೋಡಿಸತೊಡಗಿದರು.

ಕಾಯುವಾಗ ಏನಾದರೂ ಮಾತಾಡಬೇಕಲ್ಲ ಎಂದು ಶಿವಪುತ್ರಪ್ಪ ಹೇಳಿದರು, “ಕಾರು ಹಿತ್ತಲಕ್ಕ ಬಂದದ ಬಾಯಾರ. ದೇವರು, ಕನ್ನಡಿ ಉಳದಾವ. ಕನ್ನಡಿಗಿ ನಿಮ್ಮ ಟಿಕಳಿ ಹಂಗೇ ಅಂಟಿಕೊಂಡದ. ಬೇಕಂದ್ರ ಆ ಕನ್ನಡಿ ಬಿಚ್ಚಿಸಿ ಕೊಡ್ತೀನಿ, ನೆನಪಿಗಿರಲಿ.”

ಪಂಕಜಾಕ್ಷಿಯ ಬೆರಳುಗಳು ನಿಂತವು.

“ಟಿಕಳಿ?”

“ಕಡುಗೆಂಪು. ನಿಮ್ಮದಲ್ಲೇನ್ರಿ?”

“ನಾನು ಕುಂಕುಮ ಇಡುತ್ತಿದ್ದವಳು ಫೌಜದಾರ್ರೆ. ಅಂಟಿಸುವ ಬೊಟ್ಟು ನಮ್ಮ ಮನೆಯಲ್ಲಿ ಯಾರೂ ಇಡುವುದಿಲ್ಲ.”

ಅವರು ಒಂದು ಕ್ಷಣ ಗಂಡನ ಫೋಟೊದ ಕಡೆ ನೋಡಿದರು. ಪ್ರೀತಿಯಿಂದ ನೋಡಿದ್ದಲ್ಲ.

“ಆ ಗಾಡಿಗೆ ಅವರು ಮಾಡಿದ ಸಿಂಗಾರ ನೀವು ನೋಡಿದ್ದೀರಲ್ಲ. ಗೊಂಡೆಯಂತೆ, ಹೂವಿನ ಕೊಳವೆಯಂತೆ, ಕನ್ನಡಿಯಂತೆ. ಒಂದೊಂದು ಸಾಮಾನು ಹಾಕುವಾಗಲೂ ನನ್ನನ್ನೇ ಕರೆದು ‘ಚಂದ ಉಂಟಾ?’ ಅಂತ ಕೇಳಿದ್ದಾರೆ. ನಾನು ಮಾನಮ್ಮನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಎಲ್ಲ ನೋಡಿದ್ದೇನೆ. ಎರಡೇ ಸೀಟಿನ ಗಾಡಿ. ಎರಡನೆಯ ಸೀಟಿನಲ್ಲಿ ನಾನು ಒಂದು ದಿನ ಕೂತದ್ದಿಲ್ಲ.”

ಹೇಳುತ್ತ ಹೇಳುತ್ತ ಅವರು ನಾರು ಎತ್ತಿಕೊಂಡಿದ್ದರು. ಬೆರಳುಗಳು ತಾವಾಗಿಯೇ ಓಡತೊಡಗಿದವು. ಹೂ, ಸುತ್ತು, ಗಂಟು. ಹೂ, ಸುತ್ತು, ಗಂಟು. ಭಜನೆಯ ತಾಳದ ಹಾಗೆ ಬಿಗಿಯಾದ ಲಯ.

ಆ ಲಯ ಕೇಳುತ್ತಿದ್ದ ಶಿವಪುತ್ರಪ್ಪನವರ ಕಣ್ಣು ಅದರ ಬೆನ್ನು ಹಿಡಿದು ಕೈಗಳಿಗೆ ಇಳಿಯಿತು.

ಹೂಗಳನ್ನು ಹಿಡಿದದ್ದು ಬಲಗೈ. ನಾರು ಸುತ್ತುತ್ತಿದ್ದದ್ದು ಎಡಗೈ.

ಪ್ರತಿ ಸುತ್ತೂ ತಿರುಗುಮುರುಗು. ಪ್ರತಿ ಗಂಟೂ ಎಡಕ್ಕೆ ಮಾಲಿತ್ತು. ಅರ್ಧ ಕಟ್ಟಿದ ಮಾಲೆ ಬೂದಿ ಸೀರೆಯ ಮೇಲಿಂದ ಕೆಂಪಗೆ ಇಳಿಬಿದ್ದಿತ್ತು, ಕಾರಿನ ಚಕ್ರದ ಮೇಲಿನ ಆ ಹೊಲಿಗೆಯ ಸಾಲಿನ ಹಾಗೆಯೇ.

ಫ್ಯಾನು ಕಟಕಟ ಎನ್ನುತ್ತಿತ್ತು. ಶಿವಪುತ್ರಪ್ಪನವರಿಗೆ ನಿನ್ನೆ ಈ ಗಲ್ಲಾದ ಮುಂದೆ ನಿಂತು ತಾವು ಆಡಿದ ಮಾತು ನೆನಪಾಯಿತು. ಈಗ ಹೇಳಿದ್ದೂ ಇವರಿಗೇ.

ಮಾನಮ್ಮನೂ ನೋಡಿದ್ದಳು. ಅವಳು ಮುಂದಕ್ಕೆ ಬಾಗಿದಳು. ಶಿವಪುತ್ರಪ್ಪ ಮೇಜಿನ ಕೆಳಗೆ ಅವಳ ಮಣಿಕಟ್ಟು ಹಿಡಿದು ಒತ್ತಿದರು.

“ಬಾಯಾರ,” ಎಂದರು. ದನಿ ತಮ್ಮದೇ ಎನ್ನಿಸಲಿಲ್ಲ. “ಊಟ ನೀವು ಬಲಗೈಲೆ ಮಾಡೂದು, ಬಡಿಸೂದು ನಾ ನೋಡೀನಿ.”

“ಎಲ್ಲರೂ ಬಲಗೈಯಲ್ಲೇ ಉಣ್ಣುವುದು.”

“ಸಣ್ಣವರಿದ್ದಾಗ ನಿಮ್ಮ ಎಡಗೈ ಕಟ್ಟಿದ್ರೇನ್ರಿ ಮನ್ಯಾಗ?”

ಬೆರಳುಗಳು ಮತ್ತೆ ನಿಂತವು. ಈ ಸಲ ಪಂಕಜಾಕ್ಷಿ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು, ಮೊದಲ ಸಲ ಕಂಡವರ ಹಾಗೆ. ಮುಚ್ಚಿಡಲು ಹೋಗಲಿಲ್ಲ.

“ಅಜ್ಜಿ ಹಳೇ ಸೀರೆಯ ತುಂಡು ಸುತ್ತಿ ಕಟ್ಟುತ್ತಿದ್ದರು,” ಎಂದರು ಮೆಲ್ಲಗೆ. “ತುತ್ತಿಗೆ ಕಟ್ಟಿದರು, ಬರವಣಿಗೆಗೆ ಕಟ್ಟಿದರು. ಎರಡಕ್ಕೂ ಬಲಗೈ ಕಲಿತೆ. ಮದುವೆಯಾಗಿ ಬಂದ ಮನೆಯಲ್ಲಿ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ.” ಮಾಲೆಯನ್ನು ತಟ್ಟೆಗೆ ಇಳಿಸಿದರು. “ಹೂವಿಗೆ ಮಾತ್ರ ಯಾರೂ ಕಟ್ಟಲಿಲ್ಲ.”

“ತೊಗಲಿಗೂ ಯಾರೂ ಕಟ್ಟಲಿಲ್ಲ,” ಎಂದರು ಶಿವಪುತ್ರಪ್ಪ.

ಪಂಕಜಾಕ್ಷಿ ಮಡಿಲಿಗೆ ಬಿದ್ದ ಹೂವೊಂದನ್ನು ಎತ್ತಿ ತಟ್ಟೆಗೆ ಇಟ್ಟರು.

ಆಗ ಮಾನಮ್ಮನ ದನಿ ಬಂತು. ಕೂಗಲಿಲ್ಲ ಅವಳು. ನೆರೆಮನೆಯ ಹೆಂಗಸಿನ ಹತ್ತಿರ ಮಾತಾಡುವ ಹಾಗೆ ಕೇಳಿದಳು.

“ಅಕ್ಕಾರ, ನನ್ನ ಗಂಡ ನಿಮಗೇನ್ ಮಾಡ್ಯಾನ್ರಿ? ನೀವು ಕೊಟ್ಟ ಸೀರಿ ಉಟ್ಟು ನಿಂತೀನಲ್ರಿ ನಾನು. ಅವನ ಹೊಟ್ಟಿಗಿ ನಿಮ್ಮದೇ ಅನ್ನ ಬಿದ್ದದ ಇವತ್ತು.”

ಪಂಕಜಾಕ್ಷಿಯ ಕಣ್ಣಲ್ಲಿ ಏನೋ ಅಲುಗಿತು. ಕನಿಕರವೋ, ಭಯವೋ, ಶಿವಪುತ್ರಪ್ಪನವರಿಗೆ ಗೊತ್ತಾಗಲಿಲ್ಲ. ಅದು ಬಂದಷ್ಟೇ ಬೇಗ ಹೋಯಿತು.

ಫೋನು ಹೊಡೆದುಕೊಂಡಿತು.

ಉದ್ದನೆಯ ರಿಂಗು. ನಿಲ್ಲದ ರಿಂಗು.

ಶಿವಪುತ್ರಪ್ಪ ಕೈ ಚಾಚುವಷ್ಟರಲ್ಲಿ ಪಂಕಜಾಕ್ಷಿ ರಿಸೀವರ್ ಎತ್ತಿ ಕಿವಿಗೆ ಹಿಡಿದಿದ್ದರು. ಎಡಗೈಯಲ್ಲಿ. ಇನ್ನು ಯಾರಿಗೂ ಮುಚ್ಚಿಡಬೇಕಾಗಿರಲಿಲ್ಲ.

“ಸಾಸವಡ ಬೋಲಾ,” ಎಂದು ಮಾತಾಡಲು ಹೇಳಿತು ಎಕ್ಸ್‌ಚೇಂಜಿನ ಹೆಂಗಸಿನ ದನಿ. ಆಮೇಲೆ ಗರಗರ ಸದ್ದು. ಅದರ ಹಿಂದಿನಿಂದ ಬಾವಿಯ ತಳದಿಂದ ಬಂದ ಹಾಗೆ ಸುಬ್ಬಯ್ಯನ ದನಿ, ಗಲ್ಲಾದ ಈಚೆಗೂ ಕೇಳುವಷ್ಟು ಜೋರಾಗಿ.

“ಅತ್ತಿಗೇ! ಕೇಳ್ತದಾ? ಹಾಲಿನ ಕ್ಯಾನು ಎರಡು ಖಾಲಿ ಉಂಟು, ಲಾಲಪ್ಪನ ವ್ಯಾನಿಗೆ ಹಾಕ್ಲಿಕ್ಕೆ ಹೇಳಿದ್ದೇನೆ. ಅವನ ಊಟ ಆಯ್ತು. ಸ್ಟಾರ್ಟ್ ಮಾಡಿ ಬಾಗಿಲಲ್ಲೇ ನಿಂತಿದ್ದಾನೆ ಮಾರಾಯ್ತಿ, ಅವಸರ ಅಂತೆ. ಅವನಿಗೆ ಎಂತಾದ್ರೂ ಹೇಳಬೇಕಾ?”

ಪಂಕಜಾಕ್ಷಿ ಬಲ ಅಂಗೈಯಿಂದ ಫೋನಿನ ಬಾಯಿ ಮುಚ್ಚಿದರು.

“ನಿಲ್ಲು ಅನ್ರೀ!” ಮಾನಮ್ಮ ಗಲ್ಲಾದ ಮೇಜಿನ ಮೇಲೆ ಬಿದ್ದಳು. ಹೂವಿನ ತಟ್ಟೆ ನೆಲಕ್ಕುರುಳಿತು. “ಅವ್ವಾ, ನಿಲ್ಲು ಅನ್ರಿ ಅವಗ! ಕೀಲಿ ತೆಗಿ ಅನ್ರಿ!”

ಉಣ್ಣುತ್ತಿದ್ದ ಮಂದಿ ತುತ್ತು ಹಿಡಿದುಕೊಂಡೇ ತಿರುಗಿ ನೋಡಿದರು. ಫೋನಿನೊಳಗೆ ಸುಬ್ಬಯ್ಯ ಕೂಗುತ್ತಿದ್ದ, “ಹಲೋ? ಹಲೋ? ಅತ್ತಿಗೇ?” ಅವನ ದನಿಯ ಹಿಂದೆ, ತೀರ ಸಣ್ಣಗೆ, ಓಡುತ್ತಿದ್ದ ಎಂಜಿನ್ನಿನ ಸದ್ದು. ಹಾರ್ನ್ ಎರಡು ಸಲ ಹೊಡೆಯಿತು. ಆ ಹಾರ್ನು ಲಾಲಪ್ಪನೇ ಆರಿಸಿ ಕೂರಿಸಿದ್ದು. ಮಾನಮ್ಮನಿಗೆ ಅದರ ಗುರುತು ಬೇರೆ ಹೇಳಬೇಕಾಗಿರಲಿಲ್ಲ.

ಶಿವಪುತ್ರಪ್ಪ ಮೇಜಿನ ಮೇಲಿಂದ ಕೈ ಚಾಚಿದರು.

“ಬಾಯಾರ, ಒಬ್ಬ ಹೋದ. ಇವನದು ಜೀವ ಇನ್ನ ಅದ. ಬ್ಯಾರೆ ಎಲ್ಲಾ ಆಮ್ಯಾಲ ನೋಡೋಣು. ಫೋನ್ ಇತ್ತ ಕೊಡ್ರಿ.”

ಪಂಕಜಾಕ್ಷಿ ಅವರ ಕಣ್ಣಿಗೆ ಕಣ್ಣು ಕೊಟ್ಟು ನೋಡಿದರು.

“ಕೊಡುವುದಿಲ್ಲ.”